ಮಂಗಳವಾರ ಕತ್ತರಿಗೆ ರಜ

"ಅಯ್ಯೋ, ಈಗ ಬಂದ್ರಾ? ಬೇಗ ಬನ್ನಿ, ಮೊದ್ಲು ನನ್ನ ಜಡೆ!"

ಅಮೆರಿಕದ ರಿಚರ್ಡ್‌ಸನ್‌ನ ಕಾಲೇಜು ಸಭಾಂಗಣದಲ್ಲಿ 2004ರ ದೀಪಾವಳಿ ಸಂಭ್ರಮ. ಫ್ಯಾಷನ್ ಶೋ ಜವಾಬ್ದಾರಿ ಹೊತ್ತು, ಪಾರ್ಲರ್‌ನವರಿಗಾಗಿ ಕಾಯುತ್ತಿದ್ದ ಹರ್ಷಿಣಿ, ಬಾಗಿಲಲ್ಲಿ ನಿಂತ ಹುಡುಗನಿಗೆ ಬೆನ್ನು ತಿರುಗಿಸಿ ಕುಳಿತೇಬಿಟ್ಟಳು!

ಪಾಪ, ಅವಳನ್ನು ಬೈದು ಪ್ರಯೋಜನವಿಲ್ಲ ಬಿಡಿ. ಅಂಗಿಯ ಮೇಲೊಂದು ಉದ್ದ ಅಂಗಿ, ಕೊರಳಿಗೆ ತೆಳು ಸ್ಕಾರ್ಫ್, ಪದರಪದರವಾಗಿ ಕೆದರಿದ ಕೂದಲು, ಸೊಂಟದ ಚರ್ಮದ ಚೀಲದಿಂದ ಇಣುಕುವ ಕತ್ತರಿ, ಬಾಚಣಿಗೆ... ಪಾರ್ಲರ್‌ನವನಲ್ಲದೆ ಇನ್ನಾರು?

"ಪಾರ್ಲರ್‌ನವನಲ್ಲ ರೀ. ನಾನು ಉಲ್ಲಾಸ್, ಇಲ್ಲೇ ಎಂ.ಎಸ್. ಮಾಡ್ತಿದೀನಿ. ಶೋನಲ್ಲಿ ನಡೀಬೇಕು. ಇದು ಜಪಾನ್ ಸ್ಟೈಲ್."

ಅಬ್ಬಾ, ಆ ನಗು! ಹರ್ಷಿಣಿಯ ಎದೆ ಝಲ್ಲೆಂದಿತು. ನಾಚಿಕೆ ಮುಚ್ಚಿಕೊಳ್ಳಲು ಬಾಯಿಗೆ ಬಂದದ್ದನ್ನು ಅಂದುಬಿಟ್ಟಳು.

"ಹೋಗಿ ಹೋಗಿ ಕಟಿಂಗ್ ಶಾಪ್‌ನವರ ವೇಷಾನಾ?"

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಉಲ್ಲಾಸ್ ನಗಲಿಲ್ಲ.

"ಟೋಕಿಯೋದಲ್ಲಿ ಹುಡುಗರು ಹೇರ್ ಸ್ಟೈಲಿಸ್ಟ್‌ಗಳ ಥರ ಕಾಣ್ಬೇಕು ಅಂತಾನೇ ಹೀಗೆ ಡ್ರೆಸ್ ಮಾಡ್ಕೋತಾರೆ. ಮ್ಯಾಗಜಿನ್‌ನಲ್ಲಿ ಅದನ್ನ ನೋಡಿದ ದಿನ ಅತ್ತುಬಿಟ್ಟೆ ರೀ. ನಮ್ಮಪ್ಪಂದು ಮೈಸೂರಲ್ಲಿ ಕಟಿಂಗ್ ಶಾಪ್. ಸ್ಕೂಲಲ್ಲಿ ಎಲ್ರೂ ಆಡಿಕೊಳ್ತಿದ್ರು... ಈ ಕತ್ತರಿ ಅಪ್ಪಂದೇ."

ತಲೆಯೆತ್ತಿಕೊಂಡೇ ವೇದಿಕೆಯ ಮೇಲೆ ನಡೆದ. ಚಪ್ಪಾಳೆಯೋ ಚಪ್ಪಾಳೆ! ಇಳಿದವನು ಅವಳತ್ತ ನೋಡದೆ ಹೊರಟುಹೋದ.

'ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ! ಇನ್ನು ಅವನು ನನ್ನ ಮುಖ ನೋಡ್ತಾನಾ?'

ಹಬ್ಬದೂಟವೂ ಅವಳಿಗೆ ಸೇರಲಿಲ್ಲ.

ಮಂಗಳವಾರ ಸಂಜೆ ಧೈರ್ಯ ಮಾಡಿ, ಗೆಳತಿಯರಿಂದ ವಿಳಾಸ ಪಡೆದು, ರೈಲಿಳಿದು ಅವನ ಅಪಾರ್ಟ್‌ಮೆಂಟ್ ಬಾಗಿಲು ತಟ್ಟಿದಳು. ಸೊಂಟದವರೆಗಿನ ಕೂದಲನ್ನು ಬಿಚ್ಚಿಕೊಂಡೇ ಬಂದಿದ್ದಳು.

"ತಪ್ಪಾಯ್ತು. ನನ್ನ ಕೂದಲು ಕಟ್ ಮಾಡಿ. ಯಾರು ಮಾಡಿದ್ದು ಅಂತ ಕೇಳಿದವರಿಗೆಲ್ಲ ನಿಮ್ಮ ಹೆಸರು ಹೇಳ್ತೀನಿ."

"ಆಗಲ್ಲ."

ಅವಳ ಕಣ್ಣು ತುಂಬಿ ಬಂತು. ಹೊರಡಲು ತಿರುಗಿದಳು.

"ರೀ, ನಿಲ್ರೀ! ಇವತ್ತು ಮಂಗಳವಾರ ಅಲ್ವಾ? ಅಪ್ಪನ ಶಾಪ್‌ಗೆ ರಜ. ಇವತ್ತು ಈ ಕತ್ತರಿ ಮುಟ್ಟಿದ್ರೆ ಅವರು ಸುಮ್ನೆ ಬಿಡ್ತಾರಾ?"

ಅಳುತ್ತಲೇ ನಕ್ಕಳು ಹರ್ಷಿಣಿ. "ಹಾಗಾದ್ರೆ ಕೋಪ ಇಲ್ವಾ?"

"ಇತ್ತು. ಬೆನ್ನು ತಿರುಗಿಸಿ ಕೂತ ಹುಡುಗೀನ ಮರೀಬೇಕು ಅಂದ್ಕೊಂಡೆ... ಆಗ್ಲಿಲ್ಲ."

ಅವಳು ಕಣ್ಣೊರೆಸಿಕೊಂಡಳು.

"ಅಮ್ಮಂಗೆ ಫೋನಲ್ಲಿ ಹೇಳ್ಬಿಟ್ಟೆ. ಒಬ್ಬ ಹುಡುಗ ಇಷ್ಟ ಆಗಿದಾನೆ, ಅವರಪ್ಪಂದು ಕಟಿಂಗ್ ಶಾಪ್ ಅಂತ."

ಉಲ್ಲಾಸ್ ಬೆರಗಾದ. "ಏನಂದ್ರು?"

"ಫೋನ್ ಇಟ್ಬಿಟ್ರು. ನಾಳೆ ಮತ್ತೆ ಮಾಡ್ತೀನಿ. ಮತ್ತೆ ಇದನ್ನೇ ಹೇಳ್ತೀನಿ!"

ಹೆಮ್ಮೆಯಿಂದ ಎತ್ತಿದ್ದ ಆ ಮುಖವನ್ನೇ ಅವನು ನೋಡುತ್ತ ನಿಂತ. ಆಮೇಲೆ ಕುರ್ಚಿ ಎಳೆದು ಹಾಕಿದ.

"ಕೂತ್ಕೋ ಹರ್ಷಿಣಿ. ರಜ ಕತ್ತರಿಗೆ ಮಾತ್ರ, ಬಾಚಣಿಗೆಗಲ್ಲ."

"ಜಡೆ ಹಾಕ್ತೀಯಾ?"

"ಅವತ್ತೇ ಕೇಳಿದ್ಯಲ್ಲ!"

ಅವಳು ಬೆನ್ನು ತಿರುಗಿಸಿ ಕುಳಿತಳು.