ಸರ್ವರಿಗೆ ಮುಡಿಸಿದ ಹೂವು

ಅಕ್ಟೋಬರ್ ಮೂರು, ಶುಕ್ರವಾರ, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ನೆಲಮಂಗಲ ಠಾಣೆಗೆ ದೂರು ಬಂತು. ಅದಕ್ಕೂ ಮೊದಲು ದೂರುದಾರನ ಸೆಂಟಿನ ವಾಸನೆ ಬಂದು ಇನ್ಸ್‌ಪೆಕ್ಟರ್ ಪ್ರಮೋದಾ ಅವರ ಮೂಗಿಗೆ ಬಡಿಯಿತು. ಅರಿಶಿನಕುಂಟೆಯ ಹಿಂಡಿ-ಬೂಸಾ ಗೋದಾಮಿನ ಮ್ಯಾನೇಜರ್ ವೇಣುಗೋಪಾಲ್ ಒಳಗೆ ಬಂದ ಠೀವಿ ನೋಡಿದರೆ ಠಾಣೆಯನ್ನೇ ಬಾಡಿಗೆಗೆ ಹಿಡಿಯಲು ಬಂದಂತಿತ್ತು. ಅವನ ಹಿಂದೆ ಖಾಕಿ ಅಂಗಿಯ ಮುದುಕನೊಬ್ಬ ಚಪ್ಪಲಿ ಹೊರಗೆ ಬಿಟ್ಟು, ಬರಿಗಾಲಲ್ಲಿ ನಿಂತಿದ್ದ.

“ಇವ್ನೇ ಮೇಡಂ, ಜವರಪ್ಪ. ನಮ್ಮ ವಾಚ್‌ಮನ್. ಸರ್ವರ್ ಹಾಳ್ಮಾಡವ್ನೆ. ಒಳಗ್ ಹಾಕಿ.”

“ಒಳಗ್ ಹಾಕೋಕೆ ಇದೇನ್ ನಿಮ್ಮ ಗೋದಾಮಾ? ಕೂತ್ಕೊಳ್ಳಿ. ಏನಾಯ್ತು?”

“ದೊಡ್ಡಬಳ್ಳಾಪುರ, ಹೊಸಕೋಟೆ, ದೇವನಹಳ್ಳೀಲಿ ನಮ್ಮ ಅಂಗಡಿಗಳಿವೆ. ಅಲ್ಲಿನ ಕಂಪ್ಯೂಟರು ನಮ್ಮ ಡೇಟಾಬೇಸ್‌ಗೆ ಕನೆಕ್ಟೇ ಆಗ್ತಿಲ್ಲ. ಆರ್ಡರ್ ಇಲ್ದೆ ನಿನ್ನೆಯಿಂದ ಹದ್ನಾಲ್ಕು ಲಾರಿ ನಿಂತವೆ.”

“ಇವರೇನ್ ಮಾಡಿದ್ರು?”

“ಆಯುಧಪೂಜೆ ದಿನ ಸರ್ವರ್ ಮೇಲೆ ತೀರ್ಥ ಸುರಿದವ್ನೆ. ನಮ್ಮ ಇಂಜಿನಿಯರ್ ಅನಿಲ್‌ಕುಮಾರೇ ಹೇಳಿದ್ದು, ನೀರಿಂದಾನೇ ಕೆಟ್ಟಿರೋದು ಅಂತ.”

ಪ್ರಮೋದಾ ಮುದುಕನ ಕಡೆ ತಿರುಗಿದರು. “ಏನಪ್ಪಾ, ನಿಜಾನಾ?”

“ಬೊಟ್ಟು ಇಟ್ಟೆ ಮೇಡಮ್ಮಾರೆ, ಒಂದ್ ತೊಟ್ಟು ನೀರೂ ಹಾಕ್ಲಿಲ್ಲ. ಹದಿನೆಂಟು ವರ್ಸ ಆ ಗೇಟ್ ಕಾದಿವ್ನಿ. ಕೆಲ್ಸಾನೂ ಬುಡು, ಗೇಟ್ ಪಕ್ಕದ ರೂಮೂ ಖಾಲಿ ಮಾಡು, ನಾಳೆ ಸಂಜೆ ತಂಕ ಟೈಮು ಅಂದವ್ರೆ. ನಾನೂ ನಮ್ ಹೆಂಡ್ರು ಮಾರಕ್ಕನೂ ಎಲ್ಲಿಗೋಗಾನ?”

ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಹನ್ನೊಂದು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಆರೋಪಿಯ ಕಾಲಂನಲ್ಲಿ ಜವರಪ್ಪನ ಹೆಸರು ಬರೆಯಲು ಪ್ರಮೋದಾ ಒಪ್ಪಲಿಲ್ಲ. “ಅಪರಿಚಿತ” ಎಂದು ಬರೆಸಿದರು. ವೇಣುಗೋಪಾಲನ ಮುಖ ಹಳಸಿದ ಹಿಂಡಿಯಂತಾಯಿತು.

ಹನ್ನೆರಡು ಹತ್ತಕ್ಕೆ ಹೆಡ್ ಕಾನ್‌ಸ್ಟೇಬಲ್ ಚಿಕ್ಕಬೀರಪ್ಪ ಮತ್ತು ಕಂಪ್ಯೂಟರ್ ತರಬೇತಿ ಪಡೆದಿದ್ದ ಕಾನ್‌ಸ್ಟೇಬಲ್ ರೂಪ ಅವರೊಂದಿಗೆ ಸ್ಥಳ ಪರಿಶೀಲನೆ ನಡೆಯಿತು. ಲಕ್ಷಾಂತರ ಹಸುಗಳ ಹೊಟ್ಟೆ ನಡೆಸುತ್ತೇವೆಂದು ಬೋರ್ಡು ಹಾಕಿಕೊಂಡ ಸಂಸ್ಥೆಯ ಸರ್ವರು, ಬೂಸಾ ಮೂಟೆಗಳ ನಡುವಿನ ಹಲಗೆ ಗೂಡಿನಲ್ಲಿತ್ತು. ಪಾಸ್‌ವರ್ಡ್ ಬರೆದ ಚೀಟಿ ಪರದೆಗೇ ಅಂಟಿಕೊಂಡಿತ್ತು. ಪೆಟ್ಟಿಗೆಗೆ ಸುತ್ತಿದ್ದ ಸೇವಂತಿಗೆ ಮಾಲೆ ಬಾಡಿತ್ತು.

ಪಕ್ಕದಲ್ಲಿ ಅನಿಲ್‌ಕುಮಾರ್ ನಿಂತಿದ್ದ. ಕುತ್ತಿಗೆಯಲ್ಲಿ ಗುರುತಿನ ಚೀಟಿ, ಕಿವಿಯಲ್ಲಿ ಇಯರ್‌ಬಡ್, ಹೆಗಲಲ್ಲಿ ಬ್ಯಾಗು. “ಮೇಡಂ, ಇದು ತುಂಬಾ ಟೆಕ್ನಿಕಲ್. ನಿಮಗೆ ಅರ್ಥ ಆಗಲ್ಲ.”

“ಅರ್ಥ ಆಗದೇ ಇದ್ರೆ ಕೇಳ್ತೀನಿ. ರೂಪ, ಆನ್ ಮಾಡಮ್ಮ.”

ಯಂತ್ರ ಆನ್ ಆಯಿತು. ಡೇಟಾಬೇಸ್ ತೆರೆಯಿತು. ದಾಸ್ತಾನೆಲ್ಲ ಪರದೆಯ ಮೇಲೆ ಬಂತು.

“ಇಲ್ಲಿ ಚೆನ್ನಾಗೇ ನಡೀತಿದೆಯಲ್ರೀ ಇಂಜಿನಿಯರೇ. ನೀರು ಬಿದ್ದಿದ್ರೆ ಇಲ್ಲಿರೋರಿಗೆ ಬದುಕಿದ್ದು ಹೊಸಕೋಟೆಯವರಿಗೆ ಮಾತ್ರ ಸಾಯುತ್ತಾ?”

ಅನಿಲ್‌ಕುಮಾರ್ ಇಯರ್‌ಬಡ್ ತೆಗೆದ. “ಅದೂ... ನೆಟ್‌ವರ್ಕ್ ಕಾರ್ಡಿಗೆ ಬಿದ್ದಿರ್ಬೇಕು.”

ರೂಪ ಹೊಸಕೋಟೆ ಅಂಗಡಿಗೆ ಫೋನ್ ಹಚ್ಚಿ ಒಂದೊಂದಾಗಿ ಪರೀಕ್ಷಿಸಿದಳು. ಅಲ್ಲಿ ಇಂಟರ್ನೆಟ್ ಇತ್ತು. ಅಲ್ಲಿಂದ ಕೂಗಿದರೆ ಸರ್ವರ್ ಓಗೊಡುತ್ತಿತ್ತು, ಅಂದರೆ ನೆಟ್‌ವರ್ಕ್ ಕಾರ್ಡೂ ಕ್ಷೇಮ. ಡೇಟಾಬೇಸ್‌ನ ಬಾಗಿಲು ಮಾತ್ರ ತೆರೆಯುತ್ತಿರಲಿಲ್ಲ.

“ಫೈರ್‌ವಾಲ್ ಅಂತ ಇರುತ್ತೆ ಮೇಡಂ, ಇದರೊಳಗಿನ ವಾಚ್‌ಮನ್. ಹೊರಗಿನವರು ಯಾರನ್ನೂ ಡೇಟಾಬೇಸ್ ಹತ್ರ ಬಿಡಬೇಡ ಅಂತ ಅದಕ್ಕೆ ಯಾರೋ ಹೊಸದಾಗಿ ಹೇಳಿದಾರೆ. ಒಂದನೇ ತಾರೀಕು ಸಂಜೆ ಐದು ನಲವತ್ತೆರಡಕ್ಕೆ. ಇದೇ ಕೀಬೋರ್ಡಿಂದ.”

“ಆಗ ಹೆಂಗ್ ಸಾಧ್ಯ?” ವೇಣುಗೋಪಾಲ್ ಬಾಯಿಬಿಟ್ಟ. “ನಾಲ್ಕೂವರೆಗೆ ನಾನೇ ಆಫ್ ಮಾಡಿ ಪೂಜೆಗೆ ಬಿಟ್ಟಿದ್ದು. ಪೂಜೆಗಿಟ್ಟಿದ್ದನ್ನ ಮಾರನೇ ದಿನದವರೆಗೂ ಯಾರೂ ಮುಟ್ಟಲ್ಲ ಮೇಡಂ. ನಾವೆಲ್ಲ ಗೇಟಲ್ಲಿದ್ವಿ.”

“ಗೇಟಲ್ಲಿ ಏನ್ ಮಾಡ್ತಿದ್ರಿ?”

“ಲಾರಿಗಳ ಮುಂದೆ ಬೂದುಗುಂಬಳಕಾಯಿ ಒಡೆಸ್ತಿದ್ದೆ. ಸ್ಟೇಟಸ್‌ಗೆ ಹಾಕೋಣ ಅಂತ ವಿಡಿಯೋ ಮಾಡಿದೀನಿ, ನೋಡಿ.”

ಐದು ಮೂವತ್ತೆಂಟರಿಂದ ಐದು ಐವತ್ತರವರೆಗಿನ ವಿಡಿಯೋ. ಹದಿನಾಲ್ಕು ಲಾರಿಗೆ ಹದಿನಾಲ್ಕು ಕಾಯಿ. ಅಷ್ಟನ್ನೂ ಪಂಚೆ ಎತ್ತಿಕಟ್ಟಿ ಒಡೆಯುತ್ತಿದ್ದವನು ಜವರಪ್ಪ.

“ಭೇಷ್. ಇವರು ನಿರಪರಾಧಿ ಅನ್ನೋ ಸಾಕ್ಷಿ ಜೇಬಲ್ಲಿಟ್ಕೊಂಡೇ ಇವರನ್ನ ಠಾಣೆಗೆ ಎಳ್ಕೊಂಡ್ ಬಂದ್ರಲ್ಲ,” ಎಂದರು ಪ್ರಮೋದಾ. “ಅನಿಲ್‌ಕುಮಾರ್, ಅವತ್ತು ನೀವೆಲ್ಲಿದ್ರಿ?”

“ನಾನು ಬೆಂಗಳೂರಲ್ಲಿದ್ದೆ, ಮನೇಲಿ. ಹಿಂದಿನ ದಿನಾನೇ ಹೊರಟುಹೋಗಿದ್ದೆ.”

ಇಬ್ಬರು ಲಾರಿ ಚಾಲಕರು ಸಾಕ್ಷಿಗೆ ಪಂಚರಾಗಿ ನಿಂತರು. ಚಿಕ್ಕಬೀರಪ್ಪ ಪಂಚನಾಮೆ ಬರೆಯತೊಡಗಿದ. ಪೆಟ್ಟಿಗೆ ಒಂದು, ಪರದೆ ಒಂದು, ಸೇವಂತಿಗೆ ಮಾಲೆ ಒಂದು. ಮಾಲೆ ತೆಗೆಯಲು ಕೈಹಾಕಿದಾಗ ಬಾಗಿಲಲ್ಲಿ ನಿಂತಿದ್ದ ಜವರಪ್ಪನ ಹೆಂಡತಿ ಮಾರಕ್ಕ ಮುಂದೆ ಬಂದಳು.

“ಅಯ್ಯೋ, ಇದ್ಯಾವ್ ಸೀಮೆ ಗಂಟು? ಸ್ವಿಚ್ ಮುಚ್ಚೋ ಅಂಗೆ ಸುತ್ತಿ, ಬಾಳೆನಾರಲ್ಲಿ ಗಂಟಾಕಿದ್ದೋಳು ನಾನು. ಇಲ್ಲಿ ಪಿಲಾಸ್ಟಿಕ್ ಐತಲ್ಲ!”

ಹೂವಿನ ಸಂದಿಯಲ್ಲಿ, ವೈರುಗಳನ್ನು ಕಟ್ಟುವ ಹಸಿರು ಪ್ಲಾಸ್ಟಿಕ್ ಟ್ಯಾಗು. ಯಾರೋ ಸ್ವಿಚ್ಚು ಒತ್ತಲು ಮಾಲೆ ಕಿತ್ತು, ಆಮೇಲೆ ಸ್ವಿಚ್ಚಿನಿಂದ ಕೆಳಗೆ ಸರಿಸಿ ಜೋಡಿಸಿದ್ದರು. ಗೋದಾಮಿನ ವೈರುಗಳಿಗೆಲ್ಲ ಇದ್ದದ್ದು ಕಪ್ಪು ಟ್ಯಾಗು.

“ಚಿಕ್ಕಬೀರಪ್ಪ, ಇಂಜಿನಿಯರ್ ಬ್ಯಾಗ್ ನೋಡಿ.”

ಬ್ಯಾಗಿನಲ್ಲಿ ಹಸಿರು ಟ್ಯಾಗಿನ ಕಟ್ಟೇ ಇತ್ತು. ಅದೂ ಪಂಚನಾಮೆಗೆ ಸೇರಿತು. “ಇದು ಯಾರ್ ಹತ್ರ ಬೇಕಾದ್ರೂ ಇರುತ್ತೆ ಮೇಡಂ,” ಎಂದ ಅನಿಲ್‌ಕುಮಾರ್. ಅವನ ಅಂಗಿಯ ಬೆನ್ನು ಮಾತ್ರ ಒದ್ದೆಯಾಗಿತ್ತು.

“ಇರಲಿ ಬಿಡಿ. ನಿಮ್ಮ ಫೋನನ್ನೂ ಕೇಳೋಣ.”

ನಾಲ್ಕನೇ ತಾರೀಕು ಮಧ್ಯಾಹ್ನ ಎರಡು ಗಂಟೆಗೆ ಫೋನ್ ವಿವರ ಬಂತು. ಪೂಜೆಯ ಸಂಜೆ ಐದು ಇಪ್ಪತ್ತರಿಂದ ಆರು ಐದರವರೆಗೆ ಅವನ ಫೋನು ಅರಿಶಿನಕುಂಟೆ ಟವರಿನಲ್ಲೇ ಇತ್ತು. ನಾಲ್ಕು ಹದಿನೈದಕ್ಕೆ ದಸ್ತಗಿರಿ ಮೆಮೊಗೆ ಸಹಿ ಬಿತ್ತು. ರೂಪ ಫೈರ್‌ವಾಲ್‌ನ ಆ ಹೊಸ ನಿಯಮ ಅಳಿಸಿದಳು. ಹೊಸಕೋಟೆಯಿಂದ ನಲವತ್ತು ಮೂಟೆ ಹಿಂಡಿಗೆ ಆರ್ಡರ್ ಬಂದು ಮೊದಲ ಲಾರಿ ಹೊರಟಿತು. ಗೇಟು ತೆರೆದವನು ಜವರಪ್ಪನೇ. ವೇಣುಗೋಪಾಲ್ ಅವನಿಗೆ “ಡ್ಯೂಟಿ ಮಾಡ್ಕೊಂಡಿರು” ಅಂದನಂತೆ. ಕ್ಷಮಿಸು ಅನ್ನುವಷ್ಟು ದೊಡ್ಡ ಮಾತು ಆ ಬಾಯಲ್ಲಿ ಇರಲಿಲ್ಲ.

ಠಾಣೆಯಲ್ಲಿ ಪ್ರಮೋದಾ ಅನಿಲ್‌ಕುಮಾರನನ್ನು ಕೇಳಿದರು. “ಹಿಂದಿನ ಗೋಡೆ ಹಾರಿ ಬಂದೋನು ಅಷ್ಟು ಅವಸರದಲ್ಲಿ ಮಾಲೆ ಯಾಕೋ ಜೋಡಿಸ್ದೆ?”

“ಪೂಜೆ ಮಾಡಿದ್ದನ್ನ ಹಂಗೇ ಕಿತ್ತುಬಿಟ್ರೆ ಕೆಟ್ಟದಾಗುತ್ತೆ ಅಂತ ಭಯ ಆಯ್ತು.”

“ಓಹೋ, ಭಕ್ತ! ಡೇಟಾಬೇಸ್ ಬಾಗಿಲು ಮುಚ್ಚಿದ್ದು ಯಾಕೆ?”

ಅನಿಲ್‌ಕುಮಾರ್ ಕುತ್ತಿಗೆಯ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟ. “ಸರ್ವರ್ ಕೆಟ್ಟಾಗ ಕಾರ್ ಕಳಿಸ್ತಾರೆ ಮೇಡಂ. ಅನಿಲ್ ಸಾರ್, ಊಟ ಆಯ್ತಾ ಅಂತಾರೆ. ಸರಿ ಇದ್ದಾಗ ‘ಏಯ್ ಕಂಪ್ಯೂಟರ್’ ಅಂತಾರೆ. ಆರು ವರ್ಷ ಆಯ್ತು. ಇವತ್ತೋ ನಾಳೆಯೋ ನಾನೇ ಸರಿ ಮಾಡಿಕೊಡ್ತಿದ್ದೆ.”

ಚಿಕ್ಕಬೀರಪ್ಪ ಹೇಳಿಕೆ ಬರೆದುಕೊಂಡು ಹಾಳೆ ತಿರುವಿದ.

“ಮತ್ತೆ ಜವರಪ್ಪನ ಹೆಸರು ಯಾಕೆ ಹೇಳ್ದೆ?”

“ಅವನು ಹೇಳಿದ್ದನ್ನ ಅಲ್ಲಿ ಯಾರೂ ಕೇಳಲ್ಲ ಮೇಡಂ.”

“ಇದನ್ನ ಹಂಗೇ ಬರ್ಕೊಳ್ಳಿ ಚಿಕ್ಕಬೀರಪ್ಪ,” ಎಂದರು ಪ್ರಮೋದಾ. “ಒಂದಕ್ಷರಾನೂ ತಿದ್ದಬೇಡಿ.”