ಈರುಳ್ಳಿ ಪೊರೆಯ ಮೂರು ಚಿತ್ರ

"ಈರುಳ್ಳಿ ಹೆಚ್ಚು ಅಂದ್ರೆ ಅದಕ್ಕೆ ಆಪರೇಷನ್ ಮಾಡ್ತಿದ್ದೀಯಲ್ಲೇ!" ಅಮ್ಮ ಒಲೆಯ ಮುಂದಿನಿಂದ ಕೂಗಿದಳು.

ಗುಬ್ಬಿ ಕಣ್ಣೊರೆಸಿಕೊಂಡಳು. ಈರುಳ್ಳಿಯ ಪದರದ ಒಳಗಿನ ತೆಳ್ಳನೆಯ ಪೊರೆಯನ್ನು ಹರಿಯದಂತೆ ಎಬ್ಬಿಸಿ, ನೀರಿದ್ದ ಡಬ್ಬಿಗೆ ಹಾಕಿದಳು. "ಇದು ಸ್ಕೂಲಿಗಮ್ಮಾ. ಇವತ್ತು ನೋಡೇ ನೋಡ್ತೀನಿ."

ಬೇರೆ ಊರಿನ ಶಾಲೆಗೆ ಸೇರಿದ ಗೆಳತಿ ಉದ್ದಜಡೆ ಪತ್ರ ಬರೆದಿದ್ದಳು: 'ಇಲ್ಲಿ ಮೈಕ್ರೋಸ್ಕೋಪ್ ಇಲ್ಲ ಕಣೇ. ನೀನು ನೋಡಿದ್ದನ್ನ ಚಿತ್ರ ಬಿಡಿಸಿ ಕಳಿಸು.'

ಗುಬ್ಬಿ ಉತ್ತರ ಬರೆದು ಎಷ್ಟೋ ತಿಂಗಳಾಗಿತ್ತು. ಚಿತ್ರದ ಜಾಗ ಮಾತ್ರ ಖಾಲಿ, ಅದಕ್ಕೇ ಇನ್ನೂ ಕಳಿಸಿರಲಿಲ್ಲ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟಾಗಲೆಲ್ಲ ಅವಳಿಗೆ ಕಂಡದ್ದು ಬರೀ ಮಬ್ಬು. ಪುಸ್ತಕ ನೋಡಿ ಬಿಡಿಸಬಹುದಿತ್ತು. ಆದರೆ ಉದ್ದಜಡೆ ಕೇಳಿದ್ದು 'ನೀನು ನೋಡಿದ್ದನ್ನ' ಅಂತ.

ಲ್ಯಾಬಿನಲ್ಲಿ ಗಾಜಿನ ಮೇಲೆ ಪೊರೆ ಹರಡಿ, ಒಂದು ಹನಿ ಅಯೋಡಿನ್ ಬಿಟ್ಟು, ಗುಬ್ಬಿ ಸೀದಾ ಎಲ್ಲಕ್ಕಿಂತ ಉದ್ದನೆಯ ಲೆನ್ಸ್ ತಿರುಗಿಸಿಕೊಂಡಳು. ಮತ್ತೆ ಮಬ್ಬು!

"ಬೇಗ ನೋಡೇ, ಈರುಳ್ಳಿ ಮೊಳಕೆ ಒಡೆದೀತು!" ಹಿಂದೆ ನಿಂತಿದ್ದ ಹುಡುಗ ಛೇಡಿಸಿದ.

"ಒಡೀಲಿ ಬಿಡೋ. ನಾನಂತೂ ಇಲ್ಲಿಂದ ಏಳಲ್ಲ."

ಟೀಚರ್ ಬಗ್ಗಿ ನೋಡಿ ನಕ್ಕರು. "ಅಲ್ಲಮ್ಮಾ, ಜಾಸ್ತಿ ದೊಡ್ಡದು ಮಾಡಿ ತೋರಿಸೋ ಲೆನ್ಸಲ್ಲಿ ಕಾಣೋ ಜಾಗ ಚಿಕ್ಕದು. ಬೆಳಕೂ ಕಮ್ಮಿ. ಮೊದಲೇ ಅದನ್ನ ಹಾಕ್ಕೊಂಡ್ರೆ ಎಲ್ಲಿ ನೋಡ್ತಿದ್ದೀಯ ಅಂತ ಹೇಗೆ ಗೊತ್ತಾಗುತ್ತೆ?"

ಗುಬ್ಬಿ ಗಿಡ್ಡ ಲೆನ್ಸ್ ತಿರುಗಿಸಿದಳು. ತಿರುಪನ್ನು ಮೆಲ್ಲಗೆ, ಮೆಲ್ಲಗೆ...

"ಗೋಡೆ, ಟೀಚರ್! ಇಟ್ಟಿಗೆ ಗೋಡೆ!"

ಗಾಜನ್ನು ಎಡಕ್ಕೆ ಸರಿಸಿದರೆ ಗೋಡೆ ಬಲಕ್ಕೆ ಓಡಿತು. ಗುಬ್ಬಿ ಬಿಡಲಿಲ್ಲ. ಒಂದು ಚೊಕ್ಕ ಇಟ್ಟಿಗೆಯನ್ನು ನಟ್ಟನಡುವೆ ತಂದು ನಿಲ್ಲಿಸಿಯೇ ನಡುವಿನ ಲೆನ್ಸಿಗೆ ಹೋದಳು. ಈಗ ಉಳಿದದ್ದು ಕೆಲವೇ ಇಟ್ಟಿಗೆ. ಒಂದೊಂದರಲ್ಲೂ ಒಂದು ಚುಕ್ಕೆ!

ಕೊನೆಗೆ ಉದ್ದನೆಯ ಲೆನ್ಸ್. ಕತ್ತಲಾಯಿತು. ಬೆಳಕು ಹೆಚ್ಚಿಸಿ, ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದಳು. ಅವಳೇ ಆರಿಸಿದ ಇಟ್ಟಿಗೆ! ಅಕ್ಕಪಕ್ಕದವು ಅರ್ಧಂಬರ್ಧ. ಚುಕ್ಕೆ ಈಗ ದಪ್ಪಗೆ, ದುಂಡಗೆ. ಅದರೊಳಗೂ ಇನ್ನೊಂದು ಪುಟಾಣಿ ಚುಕ್ಕೆ.

ಸಂಜೆ ಗುಬ್ಬಿ ಡಬ್ಬಿಯ ಮುಚ್ಚಳವಿಟ್ಟು ಒಂದೇ ಅಳತೆಯ ಮೂರು ವೃತ್ತ ಎಳೆದಳು. ಕಂಡದ್ದನ್ನು ಕಂಡ ಹಾಗೇ ತುಂಬಿದಳು.

"ಕೊನೇದೊಂದೇ ಸಾಕಿತ್ತಲ್ಲೇ, ಎಷ್ಟು ದೊಡ್ಡದಾಗಿದೆ!" ಎಂದಳು ಅಮ್ಮ.

"ಅದೊಂದನ್ನೇ ಕಳಿಸಿದ್ರೆ ಕೋಳಿಮೊಟ್ಟೆ ಅಂದ್ಕೋತಾಳೆ ಅಷ್ಟೇ!"

ಇಟ್ಟಿಗೆ ಗೋಡೆಯಂತಿದ್ದ ಮೊದಲ ಚಿತ್ರದ ಮೇಲೆ ಗುಬ್ಬಿ ದಪ್ಪಕ್ಷರದಲ್ಲಿ ಬರೆದಳು: 'ಮೊದಲು ಇದನ್ನ ನೋಡು. ಅವಸರ ಮಾಡಬೇಡ ಕಣೇ.'

ಲಕೋಟೆ ಅಂಟಿಸಿ, ಬೀದಿ ತುದಿಯ ಅಂಚೆಪೆಟ್ಟಿಗೆಗೆ ಹಾಕಿದಳು. ಒಳಗೆ ಅದು 'ತಪ್' ಎಂದು ಬಿದ್ದದ್ದು ಕೇಳಿದ ಮೇಲೆಯೇ ಮನೆಯ ಕಡೆ ತಿರುಗಿದಳು.