ಹಲಸಿನ ಮೇಣದ ಹುಣ್ಣು

ಮುಳ್ಳನ್‌ಕೊಲ್ಲಿಯ ನಾವೇ ಕೆಲವರು ಸೇರಿ ತೆಗೆದ ಸಣ್ಣ ಸಿನಿಮಾ ಅದು. ಮೈಯಲ್ಲಿ ಹುಣ್ಣೆದ್ದು, ಮುಟ್ಟಿದವರಿಗೆಲ್ಲ ಅಂಟಿಕೊಳ್ಳುವ ಕಾಯಿಲೆಯ ಕಥೆ. ರೋಗಿಯ ಪಾತ್ರ ಮಾಧವಿ ಅತ್ತೆಯದು, ಹುಣ್ಣು ಮಾಡುವ ಕೆಲಸ ನನ್ನದು. ಹಲಸಿನ ಮೇಣ ಕಾಯಿಸಿ, ಕಾಫಿ ಹಣ್ಣಿನ ಸಿಪ್ಪೆ ಅರೆದು ಸೇರಿಸಿ ಹಚ್ಚುತ್ತಿದ್ದೆ. ತೆಂಗಿನೆಣ್ಣೆ ತಿಕ್ಕಿದರೆ ಸಾಕು, ಮೇಣ ಬಿಟ್ಟುಕೊಳ್ಳುತ್ತದೆ. ಹಲಸು ಬಿಡಿಸುವ ಮನೆಯವರಿಗೆಲ್ಲ ಇದು ಗೊತ್ತು.

ಹೋದ ಭಾನುವಾರ ಮಧ್ಯಾಹ್ನ ಊರಿನ ವಾಚನಾಲಯದಲ್ಲಿ ಅದನ್ನು ತೋರಿಸಿದೆವು. ನಾನು ಹೊರಗೆ ಎಲ್ಲರಿಗೂ ಚಾಯ ಕಾಯಿಸುತ್ತಿದ್ದೆ, ನೋಡಲಾಗಲಿಲ್ಲ. ಮುಗಿದ ಮೇಲೆ ಒಬ್ಬೊಬ್ಬರೇ ಬಂದು ನನ್ನ ಕೈ ಹಿಡಿದುಕೊಂಡರು.

"ಕಥೆ ಅಷ್ಟಕ್ಕಷ್ಟೇ. ಆದ್ರೆ ಮಾಧವಿಯ ಕುತ್ತಿಗೆ ಮೇಲಿನ ಹುಣ್ಣು ಉಸಿರಾಡ್ತಿತ್ತು ಕಣೋ," ಎಂದರು ಶಾಲೆಯಲ್ಲಿ ನನಗೆ ಪಾಠ ಹೇಳಿದ ಚಂದ್ರನ್ ಮಾಷ್. ಉಳಿದವರೂ ಆ ಹುಣ್ಣನ್ನೇ ಹೊಗಳಿದರು. ನನ್ನ ಎದೆ ಉಬ್ಬಿಹೋಯಿತು.

ಚಾಯದ ಲೋಟ ತೊಳೆಯುವಾಗ ನೆನಪಾಯಿತು. ಮಾಧವಿ ಅತ್ತೆಗೆ ನಾನು ಹುಣ್ಣು ಹಚ್ಚಿದ್ದು ಅಂಗೈಗೆ ಮಾತ್ರ.

ಸಂಜೆ ಅತ್ತೆಯೇ ಮನೆಗೆ ಬಂದರು. "ಇದೊಂದನ್ನ ತೆಗೆಯೋಕೆ ಮರ್ತಿದ್ದೀಯಲ್ಲ, ಮೋನೇ," ಎಂದು ಕೊರಳಿಗೆ ಸುತ್ತಿದ್ದ ತೋರ್ತು ವಸ್ತ್ರ ಬಿಚ್ಚಿ ಕುತ್ತಿಗೆಯ ಹುಣ್ಣು ತೋರಿಸಿದರು.

ಎಣ್ಣೆ ಹಾಕಿ ತಿಕ್ಕಿದೆ. ಬಿಡಲಿಲ್ಲ. ಬೆರಳಿಗೆ ಬೆಚ್ಚಗಿತ್ತು. ಮಾಗಿದ ಹಲಸಿನ ವಾಸನೆ ಬರುತ್ತಿತ್ತು, ಈಗ ಹಲಸಿನ ಕಾಲವಲ್ಲ. ಅಂಚು ಎಷ್ಟು ನಯವಾಗಿ ಚರ್ಮದಲ್ಲಿ ಸೇರಿತ್ತೆಂದರೆ, ನನ್ನ ಕೈಯಿಂದ ಅಂಥ ಕೆಲಸ ಒಂದು ಸಲವೂ ಆಗಿಲ್ಲ.

"ನೋವಿದ್ಯಾ ಅತ್ತೆ?"

"ಏನೂ ಇಲ್ಲಪ್ಪ. ಸಿನಿಮಾ ಬಿಟ್ಟಾಗ ಎಲ್ರೂ ಮುಟ್ಟಿ ಮುಟ್ಟಿ ನೋಡಿದ್ರು. ನಮ್ಮ ಹುಡ್ಗನ ಕೈಕೆಲ್ಸ ಅಂತ ನಾನೇ ಕರ್ದು ತೋರಿಸ್ದೆ."